"ಐ ಹ್ಯಾವ್ ಹಂಗ್ರಿ" ಎಲ್ಲಿಂದ ಬರುತ್ತೆ?

ಪ್ರಶ್ನೆ:
ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಮಾತಾಡೋ ಮಕ್ಕಳು ಮೊದಮೊದಲು "ಐ ಹ್ಯಾವ್ ಹಂಗ್ರಿ", "ಹೀ ಈಸ್ ಫೀವರ್" ಅಂತಾರಲ್ಲ, ಇದನ್ನ ತಿದ್ದೋದು ಹೇಗೆ? ದೊಡ್ಡವರೂ ಟೀಚರಿಗೆ ಮೇಲ್ ಬರೆಯುವಾಗ ಹ್ಯಾಸ್ ಹಾಕಬೇಕೋ ಈಸ್ ಹಾಕಬೇಕೋ ಅಂತ ತಡವರಿಸ್ತೀವಿ. ನೆನಪಿನಲ್ಲಿ ಉಳಿಯೋ ಅಂಥ ಸೂತ್ರ ಏನಾದರೂ ಇದ್ದರೆ ಗೊತ್ತಿರೋರು ಹೇಳಿ.

ಉತ್ತರ:
ಸೂತ್ರ ಒಂದೇ ಸಾಲಿನದು ಮೇಡಂ. ಕನ್ನಡದಲ್ಲಿ "ನನಗೆ", "ಅವನಿಗೆ" ಅಂತ ಶುರುವಾಗೋ ಮಾತನ್ನ ಇಂಗ್ಲಿಷಿನಲ್ಲಿ ಹೇಳುವಾಗ, ಮುಂದಿನ ಪದ ನಾಮಪದವಾದರೆ ಹ್ಯಾವ್, ಗುಣವಾಚಕವಾದರೆ ಆ್ಯಮ್, ಈಸ್, ಆರ್. ಕಷ್ಟ ಇರೋದು ಸೂತ್ರದಲ್ಲಲ್ಲ, ಆಡುಮಾತಿನ ಕನ್ನಡದಲ್ಲಿ ಹ್ಯಾವ್‌ಗೆ ಸರಿಸಾಟಿಯಾದ ಕ್ರಿಯಾಪದವೇ ಇಲ್ಲದಿರೋದರಲ್ಲಿ. ನಮಗೆ "ಗೆ" ಪ್ರತ್ಯಯವೊಂದಿದ್ದರೆ ಸಾಕು: ನನಗೆ ಜ್ವರ ಇದೆ, ನನಗೆ ಹಸಿವಾಗಿದೆ, ನನಗೆ ಭಯ, ನನಗೆ ಇಬ್ಬರು ತಂಗಿಯರು, ನನಗೆ ಐದು ವರ್ಷ. ಐದೂ ಒಂದೇ ಅಚ್ಚಿನವು. ಇಂಗ್ಲಿಷ್ ಇದೇ ಐದನ್ನು ಎರಡು ಪಾಲು ಮಾಡುತ್ತೆ. ಐ ಹ್ಯಾವ್ ಎ ಫೀವರ್, ಐ ಹ್ಯಾವ್ ಟೂ ಸಿಸ್ಟರ್ಸ್ ಒಂದು ಪಾಲು. ಐ ಆ್ಯಮ್ ಹಂಗ್ರಿ, ಐ ಆ್ಯಮ್ ಸ್ಕೇರ್ಡ್, ಐ ಆ್ಯಮ್ ಫೈವ್ ಇನ್ನೊಂದು ಪಾಲು. ಯಾವುದು ಯಾವ ಪಾಲಿಗೆ ಅನ್ನೋ ಸುಳಿವು ನಮ್ಮ ವಾಕ್ಯದೊಳಗೆ ಸಿಗಲ್ಲ. ಯಾಕೆಂದರೆ ಜ್ವರದ ಹಾಗೆ ಹಸಿವು, ಭಯ, ಚಳಿ, ನಿದ್ದೆ ಕೂಡ ಕನ್ನಡದಲ್ಲಿ ನಾಮಪದಗಳೇ.

ಆದ್ದರಿಂದ "ಹಸಿವು ಅಂದ್ರೆ ಹಂಗ್ರಿ" ಅಂತ ಮಕ್ಕಳಿಗೆ ಹೇಳಿಕೊಡಬೇಡಿ. ತಪ್ಪು ಹುಟ್ಟೋದು ಅಲ್ಲೇ. ಹಸಿವು ಅಂದರೆ ಹಂಗರ್. ಹಂಗ್ರಿ ಅಂದರೆ "ಹಸಿದ". "ನಾನು ಹಸಿದಿದ್ದೀನಿ" ಅನ್ನೋ ವಾಕ್ಯದ ಮೇಲೆ "ಐ ಆ್ಯಮ್ ಹಂಗ್ರಿ" ಕೂರಿಸಿದರೆ ಎರಡೂ ಸರಿಯಾಗಿ ಹೊಂದಿಕೊಳ್ಳುತ್ತವೆ. ಥರ್ಸ್ಟಿ, ಸ್ಲೀಪಿ, ಟಯರ್ಡ್, ಆ್ಯಂಗ್ರಿ ಎಲ್ಲವೂ ಹೀಗೇ.

ಪದ ಯಾವ ಜಾತಿಯದು ಅಂತ ಅನುಮಾನ ಬಂದರೆ ಅದರ ಮುಂದೆ "ವೆರಿ" ಇಟ್ಟು ನೋಡಿ. ವೆರಿ ಹಂಗ್ರಿ ಅನ್ನಬಹುದು, ವೆರಿ ಫೀವರ್ ಅನ್ನೋಕಾಗಲ್ಲ. ಆಮೇಲೆ "ಮೈ" ಇಟ್ಟು ನೋಡಿ. ಮೈ ಫೀವರ್ ನಿಲ್ಲುತ್ತೆ, ಮೈ ಹಂಗ್ರಿ ನಿಲ್ಲಲ್ಲ. ಎರಡು ಪರೀಕ್ಷೆಯಲ್ಲೂ ಪಾಸಾಗೋ ಕಿಲಾಡಿ ಪದಗಳೂ ಇವೆ. ಕೋಲ್ಡ್ ಅವುಗಳಲ್ಲೊಂದು: ಐ ಆ್ಯಮ್ ಕೋಲ್ಡ್ ಅಂದರೆ ಚಳಿಯಾಗ್ತಿದೆ, ಐ ಹ್ಯಾವ್ ಎ ಕೋಲ್ಡ್ ಅಂದರೆ ನೆಗಡಿ. ನಡುವೆ ಇರೋ ಆ ಪುಟ್ಟ "ಎ" ಬಿಟ್ಟು "ಐ ಹ್ಯಾವ್ ಕೋಲ್ಡ್" ಅಂದರೆ ಎರಡೂ ಅಲ್ಲ. ರೈಟ್ ಕೂಡ ಹಾಗೇ. ಯೂ ಆರ್ ರೈಟ್ ಅಂದರೆ ನೀವು ಹೇಳಿದ್ದು ಸರಿ, ಯೂ ಹ್ಯಾವ್ ಎ ರೈಟ್ ಅಂದರೆ ನಿಮಗೆ ಹಕ್ಕಿದೆ.

ಮತ್ತೆ ಕೇಳಿದವರು:
"ಶೀ ಹ್ಯಾಸ್ ಕರ್ಲಿ ಹೇರ್" ಅಂತಾರಲ್ಲ, ಅಲ್ಲಿ ಹ್ಯಾಸ್ ಆದಮೇಲೆ ಗುಣವಾಚಕ ಬಂತಲ್ವಾ?

ಉತ್ತರ:
ಬಂತು, ಆದರೆ ಬೆನ್ನಿಗೇ ಹೇರ್ ಇದೆಯಲ್ಲ. ಹ್ಯಾಸ್‌ಗೆ ಬೇಕಾಗಿರೋದು ಆ ಹೇರ್. ಕರ್ಲಿ ಅದರ ಜೊತೆ ಬಂದ ನೆಂಟ ಅಷ್ಟೆ. ಶೀ ಹ್ಯಾಸ್ ಕರ್ಲಿ ಅಂತ ಅಲ್ಲಿಗೇ ನಿಲ್ಲಿಸಿದರೆ ವಾಕ್ಯ ಕುಂಟುತ್ತೆ. ತಿರುಗಿಸಿ ಹರ್ ಹೇರ್ ಈಸ್ ಕರ್ಲಿ ಅಂದರೂ ಸರಿಯೇ. ತಲೆಗೂದಲಿನ ಹೇರ್‌ಗೆ "ಎ" ಬೇಡ. ಎಣಿಸಬಹುದಾದ ಒಂದು ವಸ್ತುವಿಗೆ ಮಾತ್ರ ಬೇಕು, ಆಗಲೂ ಅದು ಗುಣವಾಚಕಕ್ಕಿಂತ ಮೊದಲೇ ಬರುತ್ತೆ: ಎ ರನ್ನಿ ನೋಸ್, ಎ ಸೋರ್ ಥ್ರೋಟ್.

ಗುಣವಾಚಕ ಕೊನೆಗೆ ಬರೋ ಅಚ್ಚೂ ಒಂದಿದೆ. ಟೀಚರ್ ಬರೆಯೋ ಚೀಟಿಗಳಲ್ಲಿ ಅದು ಕಾಣುತ್ತೆ: ಪ್ಲೀಸ್ ಹ್ಯಾವ್ ದ ಬ್ಯಾಗ್ ರೆಡಿ ಬೈ ಏಯ್ಟ್. ಹ್ಯಾವ್, ನಾಮಪದ, ಗುಣವಾಚಕ ಈ ಕ್ರಮದಲ್ಲಿ ಬಂದರೆ "ಆ ವಸ್ತು ಆ ಸ್ಥಿತಿಯಲ್ಲಿರೋ ಹಾಗೆ ನೋಡಿಕೊಳ್ಳಿ" ಅಂತ ಅರ್ಥ. ಇದರ ಪಕ್ಕದ ಮನೆಯದೇ ಐ ಹ್ಯಾಡ್ ಮೈ ಹೇರ್ ಕಟ್. ಅಂದರೆ ಬೇರೆಯವರ ಕೈಯಲ್ಲಿ ಕತ್ತರಿಸಿಕೊಂಡೆ. ಐ ಕಟ್ ಮೈ ಹೇರ್ ಅಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಅಂತ ಕೇಳಿದವರು ತಿಳಿದುಕೊಳ್ತಾರೆ.

ಇನ್ನೊಬ್ಬರು:
ಶಾಲೆಗೆ ಬರೆಯೋ ಮೇಲ್, ಡಾಕ್ಟರ್ ಹತ್ತಿರ ತುಂಬೋ ಫಾರಂ ಬಗ್ಗೆ ನನ್ನದೂ ಸ್ವಲ್ಪ ಸೇರಿಸ್ತೀನಿ. ಅಲ್ಲಿ ಇದು ಬರೀ ವ್ಯಾಕರಣ ಅಲ್ಲ.

ಹೆಚ್ಚು ಜನ ಎಡವೋದು ಅಲರ್ಜಿ ವಿಷಯದಲ್ಲಿ. ಹೀ ಹ್ಯಾಸ್ ಎ ಪೀನಟ್ ಅಲರ್ಜಿ ಅಥವಾ ಹೀ ಈಸ್ ಅಲರ್ಜಿಕ್ ಟು ಪೀನಟ್ಸ್. ಇವೆರಡೂ ಸರಿ. ಹ್ಯಾಸ್ ಅಲರ್ಜಿಕ್, ಈಸ್ ಅಲರ್ಜಿ ಎರಡೂ ತಪ್ಪು. ಆಸ್ತಮಾ, ಡಯಾಬಿಟಿಸ್, ಚಿಕನ್‌ಪಾಕ್ಸ್, ಮೀಸಲ್ಸ್ ಮುಂದೆ "ಎ" ಹಾಕಬೇಡಿ. ಫೀವರ್, ಕಾಫ್, ಕೋಲ್ಡ್, ಹೆಡೇಕ್ ಮುಂದೆ ಬೇಕು. ಹಲ್ಲುನೋವು, ಹೊಟ್ಟೆನೋವು ಅನ್ನುವಾಗ ಅಮೆರಿಕದವರು "ಎ" ಹಾಕ್ತಾರೆ, ಬ್ರಿಟಿಷರು ಎಷ್ಟೋ ಸಲ ಬಿಡ್ತಾರೆ. ಎರಡೂ ನಡೆಯುತ್ತೆ, ತಲೆ ಕೆಡಿಸಿಕೊಳ್ಳಬೇಡಿ. ಟೀಚರ್ ಫೋನ್ ಮಾಡಿ ಶೀ ಹ್ಯಾಸ್ ಎ ಟೆಂಪರೇಚರ್ ಅಂದರೆ ಮಗುವಿಗೆ ಜ್ವರ ಅಂತ ಅರ್ಥ. "ಎಲ್ಲರಿಗೂ ಟೆಂಪರೇಚರ್ ಇರುತ್ತಲ್ಲ" ಅಂತ ವಾದಕ್ಕೆ ಇಳಿಯಬೇಡಿ. ನೋವಿಗೆ ಮಾತ್ರ ಹ್ಯಾವ್‌ಗಿಂತ ಹರ್ಟ್ಸ್ ಸಹಜ: ಮೈ ಲೆಗ್ ಹರ್ಟ್ಸ್. ಮೈ ಲೆಗ್ ಈಸ್ ಪೇನಿಂಗ್ ಅನ್ನೋದು ನಮ್ಮಲ್ಲಿ ನಡೆಯುತ್ತೆ, ಹೊರಗಿನವರ ಕಿವಿಗೆ ವಿಚಿತ್ರವಾಗಿ ಕೇಳುತ್ತೆ.

ಟೀಚರ್ ವರದಿ ಓದುವಾಗ ಹ್ಯಾಸ್ ಪಕ್ಕದ ಪುಟ್ಟ ಪದಗಳ ಮೇಲೂ ಕಣ್ಣಿಡಿ. ಹೀ ಹ್ಯಾಸ್ ಎ ಫ್ಯೂ ಫ್ರೆಂಡ್ಸ್ ಅಂದರೆ ಕೆಲವು ಗೆಳೆಯರಿದ್ದಾರೆ, ಸಮಾಧಾನದ ಮಾತು. ಹೀ ಹ್ಯಾಸ್ ಫ್ಯೂ ಫ್ರೆಂಡ್ಸ್ ಅಂದರೆ ಗೆಳೆಯರೇ ಕಡಿಮೆ, ಕೂತು ಮಾತಾಡಬೇಕಾದ ವಿಷಯ.

ಮತ್ತೆ ಕೇಳಿದವರು:
ತುಂಬಾ ಉಪಯೋಗ ಆಯ್ತು. "ಐ ಆ್ಯಮ್ ಹ್ಯಾವಿಂಗ್ ಎ ಡೌಟ್" ಅನ್ನೋದು ತಪ್ಪು ಅಂತಾರೆ, ಆದರೆ "ವಿ ಆರ್ ಹ್ಯಾವಿಂಗ್ ಲಂಚ್" ಸರಿ ಅಂತೆ. ಯಾಕೆ ಹಾಗೆ?

ಉತ್ತರ:
ಹ್ಯಾವ್ ಅನ್ನೋದು "ಇದೆ" ಅನ್ನೋ ಅರ್ಥದಲ್ಲಿದ್ದರೆ ಇಂಗ್ ಹಚ್ಚಬಾರದು. "ಮಾಡ್ತಾ ಇದ್ದೀವಿ" ಅಥವಾ "ಅನುಭವಿಸ್ತಾ ಇದ್ದೀವಿ" ಅನ್ನೋ ಅರ್ಥ ಇದ್ದರೆ ಹಚ್ಚಬಹುದು. ಊಟ, ಸ್ನಾನ, ಪಾರ್ಟಿ ಮಾಡೋ ಕೆಲಸಗಳು, ಹ್ಯಾವಿಂಗ್ ಸರಿ. ಹ್ಯಾವಿಂಗ್ ಟ್ರಬಲ್, ಹ್ಯಾವಿಂಗ್ ಫನ್ ಕೂಡ ಸರಿ. ಅಣ್ಣ, ಕಾರು, ಸಮಯ "ಇರೋ"ವಂಥವು, ಬರೀ ಹ್ಯಾವ್. ಐ ಆ್ಯಮ್ ಹ್ಯಾವಿಂಗ್ ಟೂ ಚಿಲ್ಡ್ರನ್ ಅಂದರೆ ಅವಳಿ ಮಕ್ಕಳನ್ನು ಹೆರೋದರಲ್ಲಿದ್ದಾರೆ ಅಂತ ಕೇಳಿಸುತ್ತೆ. ಡೌಟ್ ಪದಕ್ಕೂ ಎಚ್ಚರ. ನಾವು ಪ್ರಶ್ನೆಗೆ ಡೌಟ್ ಅಂತೀವಿ, ಅವರಿಗೆ ಅದು ಅಪನಂಬಿಕೆ. ಟೀಚರ್ ಹತ್ತಿರ ಐ ಹ್ಯಾವ್ ಎ ಕ್ವೆಶ್ಚನ್ ಅನ್ನಿ.

ಇನ್ನೊಂದು ಬಲೆ: "ಹೀಸ್". ಮಕ್ಕಳ ಕಿವಿಗೆ ಹೀಸ್ ಹಂಗ್ರಿ, ಹೀಸ್ ಗಾಟ್ ಎ ಕೋಲ್ಡ್ ಎರಡೂ ಒಂದೇ ಥರ ಬೀಳುತ್ತೆ. ಮೊದಲನೆಯದು ಹೀ ಈಸ್, ಎರಡನೆಯದು ಹೀ ಹ್ಯಾಸ್. "ಗಾಟ್" ಅನ್ನು ಹಗುರವಾಗಿ ಕೇಳಿಸಿಕೊಂಡ ಮಗು ಹೀ ಈಸ್ ಎ ಕೋಲ್ಡ್ ಅಂದರೆ ಅದಕ್ಕೆ ಕನ್ನಡವನ್ನು ದೂರೋ ಹಾಗಿಲ್ಲ! ಬಿಡಿಸಿ ನಿಧಾನವಾಗಿ ಹೇಳಿ ತೋರಿಸಿ. ಪ್ರಶ್ನೆ ಕೇಳುವಾಗ ಡಸ್ ಬಂದರೆ ಹ್ಯಾಸ್ ಬದಲಾಗಿ ಹ್ಯಾವ್ ಆಗುತ್ತೆ: ಡಸ್ ಶೀ ಹ್ಯಾವ್ ಎ ಪೆನ್ಸಿಲ್. ಹೆಚ್ಚಿನ ದೊಡ್ಡವರು ತಪ್ಪೋದು ಇಲ್ಲಿ.

ಮತ್ತೊಬ್ಬರು:
ಉಲ್ಟಾ ದಿಕ್ಕಿನದೂ ಹೇಳಿಬಿಡೋಣ. ಇಂಗ್ಲಿಷ್ ಗಟ್ಟಿಯಾದ ಮೇಲೆ ಇದೇ ಮಕ್ಕಳು ಕನ್ನಡದಲ್ಲಿ "ನಾನು ಚಳಿ ಇದ್ದೀನಿ", "ನನಗೆ ಅಣ್ಣ ಇದ್ದೀನಿ" ಅಂತಾರೆ. ಇಲ್ಲಿ ಒಂದು ಹ್ಯಾವ್ ಕನ್ನಡದಲ್ಲಿ ಮೂರು ನಾಲ್ಕಾಗಿ ಒಡೆಯುತ್ತೆ. ಸಂಬಂಧ, ಕಾಯಿಲೆ, ವಯಸ್ಸಿಗೆ "ನನಗೆ". ಕೈಯಲ್ಲೋ ಬ್ಯಾಗಲ್ಲೋ ಇರೋ ವಸ್ತುವಿಗೆ "ನನ್ನ ಹತ್ತಿರ". ಧೈರ್ಯ, ತಾಳ್ಮೆಯಂಥ ಗುಣಕ್ಕೆ "ಅವಳಲ್ಲಿ" ಅಥವಾ "ಅವಳಿಗೆ". ವಸ್ತುವಿನ ಭಾಗಕ್ಕೆ "ಮೇಜಿಗೆ ನಾಲ್ಕು ಕಾಲು". "ನನ್ನ ಹತ್ತಿರ ಅಣ್ಣ ಇದ್ದಾನೆ" ಅಂದರೆ ಅಣ್ಣ ಪಕ್ಕದಲ್ಲಿ ನಿಂತಿದ್ದಾನೆ ಅಂತಾಗುತ್ತೆ. ಕ್ರಿಯಾಪದ ಹೊಂದಬೇಕಾದ್ದು ಅಣ್ಣನ ಜೊತೆ, ನನ್ನ ಜೊತೆ ಅಲ್ಲ: ಅಣ್ಣ ಇದ್ದಾನೆ, ಅಕ್ಕ ಇದ್ದಾಳೆ, ಪೆನ್ನು ಇದೆ. ತಿದ್ದುವಾಗ "ನಾನು ಇಬ್ಬರು ಅಕ್ಕಂದಿರನ್ನು ಹೊಂದಿದ್ದೇನೆ" ಅಂತ ಮಾತ್ರ ಹೇಳಿಕೊಡಬೇಡಿ. ಅದು ಅನುವಾದದ ಕನ್ನಡ, ಮನೆಯಲ್ಲಿ ಯಾರೂ ಹಾಗೆ ಮಾತಾಡಲ್ಲ.