ಕೊನೆಯ ಓವರೂ ಡಿವೈಎಸ್‌ಪಿ ಹುದ್ದೆಯೂ

ಸರ್ಕಾರಗಳಿಗೆ ಆಟಗಾರರ ಮೇಲೆ ಪ್ರೀತಿ ಉಕ್ಕಿದಾಗ ಅವು ಕೊಡುವುದು ನಗದು, ನಿವೇಶನ ಮತ್ತು ಡಿವೈಎಸ್‌ಪಿ ಹುದ್ದೆ, ಈ ಮೂರನ್ನೇ ಎಂಬುದು ನಮ್ಮ ವಕೀಲರ ಸಿದ್ಧಾಂತ. ನಗದು ಖರ್ಚಾಗಿಹೋಗುತ್ತದೆ, ನಿವೇಶನದ ಮೇಲೆ ದಾವೆ ಬೀಳುತ್ತದೆ, ಹುದ್ದೆಯೊಂದೇ ನಿವೃತ್ತಿಯ ತನಕ ಕೈಹಿಡಿಯುತ್ತದೆ ಎಂದು ಅವರು ಮಂಡಕ್ಕಿಯ ಪೊಟ್ಟಣದ ಮುಂದೆ ಕುಳಿತು ವಾದ ಮಂಡಿಸಿದರು. ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಎದುರಿಗಿದ್ದರೆ ಯಾವ ವಾದವೂ ಬೇಗ ಮುಗಿಯುವುದಿಲ್ಲ.

ಮಾತು ಎದ್ದದ್ದು ವೇಗದ ಬೌಲರ್ ಮೊಹಮ್ಮದ್ ಸಿರಾಜ್ ಅವರಿಂದ. 2025ರ ಆಗಸ್ಟ್ 4ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಅವರು ಇಂಗ್ಲೆಂಡಿನ ಅಟ್ಕಿನ್ಸನ್ ಅವರ ಸ್ಟಂಪು ಉರುಳಿಸಿ ಭಾರತಕ್ಕೆ ಆರು ರನ್ನುಗಳ ಗೆಲುವು ತಂದ ದಿನದಿಂದ, ನಮ್ಮ ಡ್ರಿಲ್ ಮೇಷ್ಟ್ರು ಅವರನ್ನು ‘ಸಾಹೇಬರು’ ಎಂದಲ್ಲದೆ ಬೇರೆ ಹೆಸರಿನಿಂದ ಕರೆದಿಲ್ಲ. ಅದಕ್ಕೆ ಆಧಾರವೂ ಇದೆ: ತೆಲಂಗಾಣ ಸರ್ಕಾರವು ವಿದ್ಯಾರ್ಹತೆಯ ನಿಯಮವನ್ನು ಸಡಿಲಿಸಿ 2024ರಲ್ಲಿ ಅವರನ್ನು ಡಿಎಸ್‌ಪಿಯನ್ನಾಗಿ, ಅಂದರೆ ನಮ್ಮ ಕಡೆಯ ಡಿವೈಎಸ್‌ಪಿಯನ್ನಾಗಿ ಮಾಡಿತು, ಬಾಕ್ಸಿಂಗಿನ ನಿಖತ್ ಜರೀನ್ ಅವರಿಗೂ ಅದೇ ಹುದ್ದೆ ಸಿಕ್ಕಿತು.

“ಬಾಕ್ಸಿಂಗಿನವರಿಗೆ ಕೊಟ್ಟರೆ ಒಪ್ಪೋಣ, ಸ್ಟೇಷನ್ನಿನಲ್ಲಿ ಉಪಯೋಗಕ್ಕೆ ಬಂದೀತು,” ಎಂದು ಕ್ಯಾಷಿಯರ್ ರಾಯರು ಹೇಳಿದ್ದೇ ತಡ, ವಕೀಲರು ಕೈಯಲ್ಲಿದ್ದ ಮೆಣಸಿನಕಾಯಿಯನ್ನೇ ಸಾಕ್ಷಿಯಂತೆ ಎತ್ತಿ ಹಿಡಿದು, ಠಾಣೆಯಲ್ಲಿ ಬಾಕ್ಸಿಂಗ್ ನಡೆಯಬೇಕೆಂದು ಯಾವ ಕಾನೂನಿನಲ್ಲಿಯೂ ಬರೆದಿಲ್ಲವೆಂದು ಎಚ್ಚರಿಸಿದರು.

ಅಲ್ಲಿಯವರೆಗೆ ಸುಮ್ಮನಿದ್ದ ದಫೇದಾರರು ಗಂಟಲು ಸರಿಪಡಿಸಿಕೊಂಡರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತರಾದ ಅವರಿಗೆ ಈ ವಿಷಯದಲ್ಲಿ ಹಳೆಯ ನೋವೊಂದಿದೆ. “ನೋಡಿ ವಕೀಲರೇ, ಪೇದೆಯಾಗಿ ಸೇರಿದವನು ಹೆಡ್ ಕಾನ್ಸ್‌ಟೇಬಲ್, ಎಎಸ್‌ಐ, ಪಿಎಸ್‌ಐ, ಇನ್‌ಸ್ಪೆಕ್ಟರ್, ಡಿವೈಎಸ್‌ಪಿ ಎಂದು ಐದು ಮೆಟ್ಟಿಲು ಹತ್ತಬೇಕು. ನಾನು ಇಡೀ ಸರ್ವೀಸಿನಲ್ಲಿ ಹತ್ತಿದ್ದು ಒಂದು. ಹರಿಯಾಣದ ಜೋಗಿಂದರ್ ಶರ್ಮಾ ಒಂದೇ ಓವರಿನಲ್ಲಿ ಐದನ್ನೂ ಹತ್ತಿದರು, ಆ ಓವರೂ ಪೂರ್ತಿಯಾಗಿರಲಿಲ್ಲ.”

ಈ ಮಾತಿಗೆ ಮೇಷ್ಟ್ರ ಮುಖ ಅರಳಿತು, ಏಕೆಂದರೆ 2007ರ ಸೆಪ್ಟೆಂಬರ್ 24ರಂದು ಜೋಹಾನ್ಸ್‌ಬರ್ಗಿನಲ್ಲಿ ನಡೆದ ಆ ಮೊದಲ ಟಿ20 ವಿಶ್ವಕಪ್ ಫೈನಲನ್ನು ಚೆಂಡು ಚೆಂಡಾಗಿ ವಿವರಿಸುವುದಕ್ಕೆ ಅವರು ಯಾರಾದರೊಬ್ಬರು ಹೀಗೆ ಬಾಗಿಲು ತೆರೆಯಲೆಂದೇ ಕಾಯುತ್ತಿರುತ್ತಾರೆ. ಭಾರತ 157 ರನ್ನು ಮಾಡಿದ್ದು, ಗಂಭೀರ್ 75 ಹೊಡೆದದ್ದು, ಕೊಡಗಿನ ನಮ್ಮ ರಾಬಿನ್ ಉತ್ತಪ್ಪ ನೇರವಾಗಿ ವಿಕೆಟ್ಟಿಗೆ ಎಸೆದು ಇಮ್ರಾನ್ ನಜೀರ್ ಅವರನ್ನು ರನೌಟ್ ಮಾಡಿದ್ದು ಇವೆಲ್ಲ ಮುಗಿದ ಮೇಲೆ ಅವರು ಕೊನೆಯ ಓವರಿಗೆ ಬಂದರು. ಪಾಕಿಸ್ತಾನಕ್ಕೆ 13 ರನ್ನು ಬೇಕಿತ್ತು, ಉಳಿದಿದ್ದುದು ಒಂದೇ ವಿಕೆಟ್ಟು. ಹರಭಜನ್ ಸಿಂಗ್ ಅವರಿಗೆ ಒಂದು ಓವರು ಬಾಕಿಯಿದ್ದರೂ, ಹದಿನೇಳನೆಯ ಓವರಿನಲ್ಲಿ ಮಿಸ್ಬಾ ಉಲ್ ಹಕ್ ಅವರು ಹರಭಜನ್‌ಗೆ ಮೂರು ಸಿಕ್ಸರ್ ಬಾರಿಸಿದ್ದರಿಂದ ಧೋನಿ ಚೆಂಡನ್ನು ಜೋಗಿಂದರ್ ಕೈಗೆ ಕೊಟ್ಟರು. ಮೊದಲನೆಯದು ವೈಡ್, ಆಮೇಲಿನದಕ್ಕೆ ರನ್ನಿಲ್ಲ, ಅದರ ಮುಂದಿನದು ಸಿಕ್ಸರ್. ನಾಲ್ಕು ಚೆಂಡಿಗೆ ಆರು ರನ್ನು ಬೇಕಾಗಿದ್ದಾಗ ಮಿಸ್ಬಾ ಬಾಗಿ ಹಿಂದಕ್ಕೆ ಎತ್ತಿ ಹೊಡೆದರು, ಶ್ರೀಶಾಂತ್ ಹಿಡಿದರು.

“ಗೆಲುವಿನ ಅಂತರ ಐದು ರನ್ನು,” ಎಂದರು ದಫೇದಾರರು, ಈ ಭಾಗ ಬರಲೆಂದೇ ಕಾದಿದ್ದವರಂತೆ. “ರನ್ನಿಗೊಂದು ಮೆಟ್ಟಿಲು. ಲೆಕ್ಕ ಸರಿಯಾಗಿದೆ.”

ಕ್ಯಾಷಿಯರ್ ರಾಯರಿಗೆ ಲೆಕ್ಕ ಎಂದ ಕೂಡಲೇ ಹುರುಪು ಬರುತ್ತದೆ. ಚೆಂಡು ಎಸೆದವರು ಪೊಲೀಸ್ ಇಲಾಖೆಗೆ ಹೋದರು, ಅದೇ ಚೆಂಡನ್ನು ಹಿಡಿದವರನ್ನು ಪೊಲೀಸರೇ ಬಂದು ಕರೆದೊಯ್ದರು ಎಂದು ಅವರು ನಗತೊಡಗಿದಾಗ ವಕೀಲರು ತಡೆದರು. 2013ರಲ್ಲಿ ದೆಹಲಿ ಪೊಲೀಸರು ಸ್ಪಾಟ್ ಫಿಕ್ಸಿಂಗ್ ಆರೋಪದಲ್ಲಿ ಶ್ರೀಶಾಂತ್ ಅವರನ್ನು ಬಂಧಿಸಿದ್ದು ನಿಜವಾದರೂ 2015ರಲ್ಲಿ ನ್ಯಾಯಾಲಯ ಅವರನ್ನು ಆ ಮೊಕದ್ದಮೆಯಿಂದ ಬಿಡುಗಡೆ ಮಾಡಿತೆಂಬುದನ್ನು ಕಡತಕ್ಕೆ ಸೇರಿಸದೆ ನಗಕೂಡದು ಎಂದು ಅವರು ಆದೇಶಿಸಿದರು. ರಾಯರು ಕಡತಕ್ಕೆ ಸೇರಿಸಿದರು. ಅನಂತರ ನಗು ಬರಲಿಲ್ಲ.

ಆ ರಾತ್ರಿ ಓವರು ಸಿಗದೆ ಉಳಿದ ಹರಭಜನ್ ಅವರಿಗೂ ಇಲಾಖೆಯ ಋಣವಿತ್ತು ಎಂಬುದನ್ನು ನೆನಪಿಸಿದವರು ಮೇಷ್ಟ್ರು. 2001ರಲ್ಲಿ ಆಸ್ಟ್ರೇಲಿಯಾದ ಮೇಲೆ ಮೂರು ಟೆಸ್ಟುಗಳಲ್ಲಿ 32 ವಿಕೆಟ್ ಕಿತ್ತಾಗ ಪಂಜಾಬ್ ಸರ್ಕಾರ ಅವರಿಗೆ ಐದು ಲಕ್ಷ ರೂಪಾಯಿ, ಒಂದು ನಿವೇಶನ ಮತ್ತು ಡಿಎಸ್‌ಪಿ ಹುದ್ದೆಯನ್ನು ಘೋಷಿಸಿತು. ಮರುವರ್ಷ ಗುವಾಹಟಿಯ ಹೋಟೆಲಿನ ಎದುರು ಅವರಿಗೂ ಕಾವಲಿಗಿದ್ದ ಪೊಲೀಸರಿಗೂ ಜಟಾಪಟಿಯಾಗಿ ಅವರ ಬೌಲಿಂಗ್ ಕೈಗೇ ಪೆಟ್ಟು ಬಿತ್ತು. ತನ್ನ ಸಿದ್ಧಾಂತದ ಮೂರೂ ವಸ್ತುಗಳು ಒಂದೇ ಪ್ರಕರಣದಲ್ಲಿ ಸಿಕ್ಕ ಸಂತೋಷಕ್ಕೆ ವಕೀಲರು ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದರು. ದಫೇದಾರರು ಮಾತ್ರ ಗಂಭೀರವಾಗಿ, ಯೂನಿಫಾರ್ಮ್ ಇಲ್ಲದಿದ್ದರೆ ಇಲಾಖೆಯವರು ಇಲಾಖೆಯವರನ್ನು ಗುರುತು ಹಿಡಿಯುವುದಿಲ್ಲ, ಇದು ತಮಗೂ ಅನುಭವಕ್ಕೆ ಬಂದಿದೆ ಎಂದರು.

“ಅಲ್ಲ ಸ್ವಾಮಿ, ಹುದ್ದೆ ಕೊಟ್ಟರೆ ಬೇಡ ಎಂದವರು ಯಾರಾದರೂ ಇದ್ದಾರೆಯೇ?” ಎಂದು ರಾಯರು ಕೇಳಿದರು. ಇದ್ದರು. ಹಾಕಿಯ ಹಿರಿಯ ಬಲಬೀರ್ ಸಿಂಗ್. ಸ್ವಾತಂತ್ರ್ಯ ಹೋರಾಟಗಾರರ ಮಗನಾದ ಅವರಿಗೆ ಬ್ರಿಟಿಷರ ಪೊಲೀಸ್ ಇಲಾಖೆ ಒಗ್ಗದೆ, ಪಂಜಾಬ್ ಪೊಲೀಸ್ ತಂಡದ ಕರೆಯನ್ನು ತಪ್ಪಿಸಿಕೊಂಡು ದೆಹಲಿಗೆ ಹೊರಟುಹೋದರು. ಆಗಿನ ಬ್ರಿಟಿಷ್ ಪೊಲೀಸ್ ಮುಖ್ಯಸ್ಥರು ಬಿಡಲಿಲ್ಲ. ದೆಹಲಿಯಲ್ಲಿ ಅವರನ್ನು ಹಿಡಿಸಿ, ಬೇಡಿ ತೊಡಿಸಿ ಕರೆತಂದು ಕೆಲಸಕ್ಕೆ ಸೇರಿಸಿಕೊಂಡರು. ಮುಂದೆ ಅವರು 1948, 1952 ಮತ್ತು 1956ರ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದರು, ಹೆಲ್ಸಿಂಕಿಯ ಫೈನಲಿನಲ್ಲಂತೂ ಒಬ್ಬರೇ ಐದು ಗೋಲು ಹೊಡೆದರು. ಬಂಧನವೇ ನೇಮಕಾತಿ ಪತ್ರವಾದ ಇನ್ನೊಂದು ಉದಾಹರಣೆ ತಮ್ಮ ವೃತ್ತಿಜೀವನದಲ್ಲಿ ಸಿಕ್ಕಿಲ್ಲವೆಂದು ವಕೀಲರು ಒಪ್ಪಿಕೊಂಡರು.

ಇಲ್ಲಿ ರಾಯರು ನಮ್ಮ ಕಡೆಯ ಅಭಿಮಾನವನ್ನು ಎತ್ತಿಹಿಡಿಯಬೇಕಾಯಿತು. ಕರ್ನಾಟಕದಲ್ಲಿ ಹಿಂದೆ ಚೆನ್ನಾಗಿ ಆಡುವ ಹುಡುಗನನ್ನು ಎಳೆದುಕೊಳ್ಳುತ್ತಿದ್ದವು ಬ್ಯಾಂಕುಗಳೇ ಹೊರತು ಠಾಣೆಗಳಲ್ಲ, ಬೆಳಿಗ್ಗೆ ನೆಟ್ಸ್, ಮಧ್ಯಾಹ್ನ ಲೆಡ್ಜರ್ ಎಂಬ ಆ ಕಾಲವೇ ಚಂದ ಎಂದು ಅವರು ಹೇಳಿದರು. ಬ್ಯಾಂಕಿಗೆ ಬಂದ ಆಟಗಾರ ತಪ್ಪು ಮಾಡಿದರೆ ಸಂಜೆ ನಗದು ತಾಳೆಯಾಗುವುದಿಲ್ಲ, ಅಷ್ಟೇ.

“ಆದರೆ ಡಿವೈಎಸ್‌ಪಿ ತಪ್ಪು ಮಾಡಿದರೆ?” ಎಂದು ವಕೀಲರು ಮುಂದಕ್ಕೆ ಬಾಗಿದರು, ಅವರ ನಿಜವಾದ ತಕರಾರು ಇದೇ ಆಗಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೇ ತನಿಖೆ ಮಾಡಬೇಕೆಂದು 1995ರ ನಿಯಮಗಳು ಹೇಳುತ್ತವೆ. ಮಹಜರು ಸರಿಯಿಲ್ಲದೆ, ಹೇಳಿಕೆಗಳು ಒಂದಕ್ಕೊಂದು ಹೊಂದದೆ ಕಟಕಟೆಗೆ ಬಂದು ನಿಂತ ತನಿಖಾಧಿಕಾರಿಯನ್ನು ಪಾಟೀ ಸವಾಲಿನಲ್ಲಿ ಹಿಡಿದರೆ, ಅವನು ಎಷ್ಟು ಚೆನ್ನಾಗಿ ಯಾರ್ಕರ್ ಎಸೆಯುತ್ತಿದ್ದನೆಂಬುದು ಕೇಸನ್ನು ಉಳಿಸುವುದಿಲ್ಲ, ನೊಂದವರಿಗೆ ನ್ಯಾಯವೂ ಸಿಗುವುದಿಲ್ಲ. ಹುದ್ದೆಯನ್ನು ಪದಕದಂತೆ ಕೊರಳಿಗೆ ಹಾಕುವವರು ಇದನ್ನು ಯೋಚಿಸುವುದಿಲ್ಲ ಎಂದು ಅವರು ಮುಗಿಸಿದಾಗ ನನಗೂ ಅದು ಸರಿಯೆನಿಸಿತು. ಆಡುತ್ತಿರುವವರೆಗೆ ಅವರು ಮೈದಾನದಲ್ಲಿಯೇ ಇರುತ್ತಾರೆ, ಠಾಣೆಯಲ್ಲಿ ಅವರ ಕುರ್ಚಿ ಮಾತ್ರ ಇರುತ್ತದೆ.

ಆಶ್ಚರ್ಯವೆಂದರೆ ಜೋಗಿಂದರ್ ಪರವಾಗಿ ಎದ್ದು ನಿಂತವರು ದಫೇದಾರರೇ. “ಅವರನ್ನು ಆ ಪಟ್ಟಿಗೆ ಸೇರಿಸಬೇಡಿ. 2020ರ ಲಾಕ್‌ಡೌನಿನಲ್ಲಿ ಅವರು ಹಿಸಾರಿನ ರಸ್ತೆಯಲ್ಲಿ ಮಾಸ್ಕ್ ಹಾಕಿಕೊಂಡು ಬಂದೋಬಸ್ತಿಗೆ ನಿಂತಿದ್ದರು. ಐಸಿಸಿಯವರು ಆ ಫೋಟೋ ಹಾಕಿ ಹೊಗಳಿದ್ದರು. ನಾನೂ ಆಗ ಇಲ್ಲೇ ಪಿ.ಬಿ. ರಸ್ತೆಯಲ್ಲಿ ನಿಂತಿದ್ದೆ, ನನ್ನ ಫೋಟೋ ಯಾರೂ ಹಾಕಲಿಲ್ಲ, ಅದು ಬೇರೆ ಮಾತು. ನಾಲ್ಕು ಏಕದಿನ, ನಾಲ್ಕು ಟಿ20, ಅಷ್ಟೇ ಅವರು ದೇಶಕ್ಕೆ ಆಡಿದ್ದು. ಆ ಫೈನಲಾದ ಮೇಲೆ ಭಾರತ ತಂಡಕ್ಕೆ ಅವರನ್ನು ಮತ್ತೆ ಕರೆಯಲೇ ಇಲ್ಲ. ಖಾಕಿ ಹಾಕಿಕೊಂಡು ಬಿಸಿಲಿನಲ್ಲಿ ನಿಂತ ಮೇಲೆ ಅವರು ನಮ್ಮವರು.”

“ಕೊನೆಯ ಓವರೂ ಒಂದು ಬಂದೋಬಸ್ತೇ,” ಎಂದು ಮೇಷ್ಟ್ರು ದನಿಗೂಡಿಸಿದರು. “ಯಾರಿಗೂ ಬೇಡದ ಡ್ಯೂಟಿಯನ್ನು ಮೇಲಿನವರು ಹೇಳಿದರೆಂದು ಮಾಡಬೇಕು.”

ಅಷ್ಟು ಹೊತ್ತಿಗೆ ದಫೇದಾರರಿಗೆ ಹೊಸದೊಂದು ನ್ಯಾಯ ಹೊಳೆದಿತ್ತು. ಬೆಂಗಳೂರಿನ ಪಂದ್ಯಗಳಿಗೆ ತಮ್ಮನ್ನೂ ಬಂದೋಬಸ್ತಿಗೆ ಹಾಕುತ್ತಿದ್ದರು, ಪೊಲೀಸರು ಆಟಕ್ಕೆ ಬೆನ್ನು ಮಾಡಿ ಜನರ ಕಡೆ ಮುಖ ಮಾಡಿ ನಿಲ್ಲಬೇಕಾದುದರಿಂದ ತಾವು ಒಂದು ಚೆಂಡನ್ನೂ ನೋಡಲಿಲ್ಲ, ಎದುರಿಗಿದ್ದವರ ಬಾಯಿ ತೆರೆದ ಅಳತೆಯಿಂದಲೇ ಫೋರೋ ಸಿಕ್ಸರೋ ಎಂದು ಊಹಿಸುತ್ತಿದ್ದೆವು ಎಂದು ಅವರು ವಿವರಿಸಿದರು. ಬೌಂಡರಿಯಲ್ಲಿ ನಿಂತು ಇಷ್ಟೊಂದು ಸೇವೆ ಸಲ್ಲಿಸಿದವನಿಗೆ ಕ್ರಿಕೆಟ್ ಸಂಸ್ಥೆಯವರು ನಿವೃತ್ತಿಯ ಮೇಲೆ ತಂಡದಲ್ಲಿ ಒಂದು ಜಾಗ ಕೊಡಬಾರದೇಕೆ, ಹನ್ನೆರಡನೆಯವನಾದರೂ ಆಗಬಹುದು ಎಂಬುದು ಅವರ ಬೇಡಿಕೆ.

ಮೇಷ್ಟ್ರು ಅವರ ಹೊಟ್ಟೆಯ ಕಡೆ ಒಮ್ಮೆ ನೋಡಿ, ಈ ವಯಸ್ಸಿನಲ್ಲಿ ಆ ಕೆಲಸ ಮಾಡಲು ಬರುತ್ತದೆಯೇ ಎಂದು ಕೇಳಿದರು.

“ಹನ್ನೆರಡನೆಯವನ ಕೆಲಸ ನೀರು ಒಯ್ದು ಕೊಡುವುದು ತಾನೇ?” ಎಂದರು ದಫೇದಾರರು. “ಸಾಹೇಬರ ಮನೆಯಲ್ಲಿ ಆರ್ಡರ್ಲಿಯಾಗಿ ನಾನು ಇನ್ನೇನು ಮಾಡಿದೆ ಎಂದುಕೊಂಡಿರಿ ಮೇಷ್ಟ್ರೇ?”