ಕಪಾಲಭಾತಿಯಿಂದ ಮಿದುಳಿನ ದ್ರವ ಹರಿಯುತ್ತದಾ? ಯಾವ ಉಸಿರಾಟ ಸರಿ?

ಕೊತ್ರೂಡ್ ಕನ್ನಡಿಗ:
ಸೊಸೈಟಿ ಹಾಲ್‌ನ ಯೋಗ ಕ್ಲಾಸಿನಲ್ಲಿ, ದಿನಾ 15 ನಿಮಿಷ ಕಪಾಲಭಾತಿ (ಹೊಟ್ಟೆ ಒಳಗೆಳೆದು ಜೋರಾಗಿ, ಬೇಗ ಬೇಗ ಉಸಿರು ಹೊರದಬ್ಬುವುದು) ಮಾಡಿದರೆ ಮಿದುಳಿನ ದ್ರವ ಜೋರಾಗಿ ಹರಿದು ಕಸ ತೊಳೆದುಹೋಗುತ್ತದೆ, ಮರೆವು ಬರುವುದಿಲ್ಲ ಅಂತ ಹೇಳಿಕೊಡುತ್ತಿದ್ದಾರೆ. ಅಮ್ಮನಿಗೆ 67, ಬಿಪಿ ಮಾತ್ರೆ ಇದೆ. ಉಸಿರಿಗೂ ಆ ದ್ರವಕ್ಕೂ ನಿಜಕ್ಕೂ ಸಂಬಂಧ ಇದೆಯಾ? ಇದ್ದರೆ ಯಾವ ಉಸಿರಾಟ, ಹೇಗೆ ಮಾಡಿಸಬೇಕು?

ನರಮಂಡಲ, ಸಯನ್:
ಸಂಬಂಧ ಇದೆ. ಕಸದ ಮಾತು ಬೇರೆ, ಅದಕ್ಕೆ ಆಮೇಲೆ ಬರೋಣ.

ಮಿದುಳು, ಬೆನ್ನುಹುರಿಯ ಸುತ್ತ ಇರುವ ಈ ದ್ರವ (ಸಿಎಸ್‌ಎಫ್) ದೊಡ್ಡವರಲ್ಲಿ ಸುಮಾರು 150 ಮಿಲಿ. ದಿನಕ್ಕೆ 500 ಮಿಲಿಯಷ್ಟು ಹೊಸದಾಗಿ ಹುಟ್ಟಿ, ಅಷ್ಟೇ ರಕ್ತಕ್ಕೆ ಮರಳುತ್ತದೆ. ಆದರೆ ಅದು ಒಂದೇ ದಿಕ್ಕಿಗೆ ಓಡುವುದಿಲ್ಲ. ತಲೆಬುರುಡೆಯ ತಳದ ದೊಡ್ಡ ರಂಧ್ರದಲ್ಲಿ ಪ್ರತಿ ಎದೆಬಡಿತಕ್ಕೆ, ಪ್ರತಿ ಉಸಿರಿಗೆ ಮೇಲೆ ಕೆಳಗೆ ಓಲಾಡುತ್ತದೆ. ಉಸಿರೆಳೆದಾಗ ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿದು ಎದೆಗೂಡಿನ ಒತ್ತಡ ತಗ್ಗುತ್ತದೆ; ಕುತ್ತಿಗೆಯ ಮತ್ತು ಬೆನ್ನುಮೂಳೆಯೊಳಗಿನ ಸಿರೆಗಳ ರಕ್ತ ಎದೆಯ ಕಡೆ ಸರಿಯುತ್ತದೆ. ತಲೆಬುರುಡೆ ಹಿಗ್ಗುವುದೂ ಇಲ್ಲ ಕುಗ್ಗುವುದೂ ಇಲ್ಲ, ಹಾಗಾಗಿ ರಕ್ತ ತೆರವು ಮಾಡಿದ ಜಾಗಕ್ಕೆ ಕೆಳಗಿನ ದ್ರವ ಏರುತ್ತದೆ.

2022ರಲ್ಲಿ ಅಮೆರಿಕದ ಓರೆಗಾನ್‌ನ ಸಂಶೋಧಕರು 18 ಆರೋಗ್ಯವಂತರನ್ನು ಎಂಆರ್‌ಐ ಒಳಗೆ ಮಲಗಿಸಿ ಯೋಗದ ಉಸಿರಾಟಗಳನ್ನು ಮಾಡಿಸಿದರು. ಮೇಲ್ಮುಖ ವೇಗ ಶೇ 16ರಿಂದ 28ರಷ್ಟು ಹೆಚ್ಚಿತು. ಆಳವಾದ ಹೊಟ್ಟೆಯುಸಿರಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಕಪಾಲಭಾತಿ ಆ ಪಟ್ಟಿಯಲ್ಲೇ ಇರಲಿಲ್ಲ. ಅಳೆದದ್ದೂ ಆ ಕ್ಷಣದ ವೇಗವನ್ನು ಮಾತ್ರ. ಓಲಾಟ ಜೋರಾಯಿತು ಅಂದಮಾತ್ರಕ್ಕೆ ಕಸ ಹೆಚ್ಚು ಹೊರಬಿತ್ತು ಅಂತಾಗುವುದಿಲ್ಲ, ಮರೆವು ತಪ್ಪಿತು ಅನ್ನುವುದಂತೂ ದೂರದ ಮಾತು.

ಪಿಂಪ್ರಿ ಪಾಟೀಲ:
ಮಾಡಿಸೂದು ಹೆಂಗ ಅಂತ ನಾ ಹೇಳ್ತೀನ್ರಿ. ಅಮ್ಮಾರನ್ನ ಮಲಗಿಸಿ ಶುರು ಮಾಡ್ರಿ. ಮೊಣಕಾಲ ಮಡಚಿ ಪಾದ ನೆಲಕ್ಕ ಊರಬೇಕು. ಕಾಲ ಚಾಚಿದ್ರ ಹೊಟ್ಟಿ ಬಿಗಿ ಆಗ್ತದ. ತಲಿ ಕೆಳಗ ಮಡಚಿದ ಚಾದರ ಇಡ್ರಿ, ಗದ್ದ ಮ್ಯಾಲಕ್ಕ ಎದ್ದಿರಬಾರದು. ಲಂಗದ ಲಾಡಿ ಸಡಿಲ ಇರ್ಲಿ. ಭಾಳ ಮಂದಿ ಇದನ್ನ ಮರತು, ನಮಗ ಹೊಟ್ಟಿ ಉಸಿರು ಬರಂಗಿಲ್ಲ ಅಂತಾರ. ಊಟ ಆಗಿ ಮೂರು ತಾಸಾದ್ರೂ ಕಳದಿರಬೇಕು.

ಒಂದು ಕೈ ಎದಿ ಮ್ಯಾಲ, ಇನ್ನೊಂದು ಹೊಕ್ಕಳ ಮ್ಯಾಲ. ಮೂಗಿಲೇ 4 ಎಣಸೂತನಾ ಒಳಗ, 6 ಎಣಸೂತನಾ ಹೊರಗ. ನಿಮಿಷಕ್ಕ 6 ಉಸಿರು ಆಗ್ತಾವ. ಕೆಳಗಿನ ಕೈ ಏಳಬೇಕು, ಮ್ಯಾಲಿಂದು ಸುಮ್ಮನಿರಬೇಕು. ಹೊಟ್ಟಿ ಏಳವಲ್ದು ಅಂದ್ರ ಅರ್ಧ ಕಿಲೋ ಅಕ್ಕಿ ಚೀಲ ಹೊಕ್ಕಳ ಮ್ಯಾಲ ಇಟ್ಟು ನೋಡ್ರಿ, ಎಲ್ಲಿ ಎತ್ತಬೇಕು ಅಂತ ಮೈಗೇ ಗೊತ್ತಾಗ್ತದ. ಒಂದು ಕಿಲೋ ದಾಟಬ್ಯಾಡ್ರಿ. ಮೊದಲ ವಾರ 5 ನಿಮಿಷ, ಆಮ್ಯಾಲೆ 10.

ತಪ್ಪಾಗೂದು ಎರಡು ಕಡೆ. ಒಂದು, ಉಸಿರು ಎಳಕೊಳ್ಳದನ ಬರೇ ಹೊಟ್ಟಿನ ಹೊರಗ ದಬ್ಬೂದು. ಇನ್ನೊಂದು, ಆಳ ಅಂದ್ರ ಜೋರು ಅಂತ ತಿಳಕೊಂಡು ಗಬಗಬ ಗಾಳಿ ಎಳಿಯೂದು. ಅವಾಗ ತಲಿ ತಿರಗತದ, ತುಟಿ-ಬೆರಳು ಜುಂ ಅಂತಾವ. ಕುಂಭಕ, ಅಂದ್ರ ಉಸಿರು ಕಟ್ಟಿ ಹಿಡಿಯೂದು, ಬ್ಯಾಡೇ ಬ್ಯಾಡ.

ನರಮಂಡಲ, ಸಯನ್:
ಪಾಟೀಲರು ಹೇಳಿದ ಆ ಜುಮ್ಮಿಗೆ ಕಾರಣ ಇದೆ. ಬೇಗ ಬೇಗ ಉಸಿರಾಡಿದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ಮಿದುಳಿಗೆ ರಕ್ತ ಕಡಿಮೆಯಾಗುತ್ತದೆ. ಇದನ್ನೇ ‘ಶುದ್ಧಿ ಆಗ್ತಿದೆ’ ಅನ್ನುವ ಶಿಕ್ಷಕರಿದ್ದಾರೆ, ನಂಬಬೇಡಿ. ಉಸಿರು ಕಟ್ಟಿ ತಿಣುಕಿದರೆ ಇನ್ನೂ ಉಲ್ಟಾ: ಎದೆಯ ಒತ್ತಡ ಏರಿ ತಲೆಯಿಂದ ರಕ್ತ ಇಳಿಯುವುದಕ್ಕೇ ತಡೆಯಾಗುತ್ತದೆ.

ದಾದರ್ ಯೋಗಾಭ್ಯಾಸಿ:
ಹಠಯೋಗದಲ್ಲಿ ಕಪಾಲಭಾತಿಯನ್ನು ಷಟ್ಕರ್ಮದಲ್ಲಿ (ಆರು ಶುದ್ಧಿಕ್ರಿಯೆಗಳಲ್ಲಿ) ಎಣಿಸುತ್ತಾರೆ, ಪ್ರಾಣಾಯಾಮದಲ್ಲಿ ಅಲ್ಲ. ಅದು ಕಫ ಕಳೆಯಲು ಹೇಳಿದ ಕ್ರಿಯೆ. 15 ನಿಮಿಷದ ಹಟ ಹಳಬರದ್ದಲ್ಲ. ಬಿಪಿ ಹತೋಟಿಯಲ್ಲಿಲ್ಲದವರು, ಗ್ಲಾಕೋಮಾ, ಹರ್ನಿಯಾ ಇರುವವರು, ಬಸುರಿಯರು ಇದನ್ನು ಮಾಡಬಾರದು.

ಕೊತ್ರೂಡ್ ಕನ್ನಡಿಗ:
ಹಾಗಾದರೆ ಕ್ಲಾಸೇ ಬಿಡಿಸಲಾ? ಆ ಕಸ ಹೋಗುವುದಾದರೂ ಯಾವಾಗ?

ನರಮಂಡಲ, ಸಯನ್:
ಕಸದ ವಿಷಯದಲ್ಲಿ ಹೆಚ್ಚು ಆಧಾರ ಇರುವುದು ನಿದ್ರೆಗೆ. ನಿದ್ರೆಯಲ್ಲಿ ಕಸ ಹೆಚ್ಚು ಹೊರಹೋಗುವುದನ್ನು 2013ರಲ್ಲಿ ಇಲಿಗಳಲ್ಲಿ ತೋರಿಸಿದರು. 2019ರಲ್ಲಿ ಬಾಸ್ಟನ್‌ನಲ್ಲಿ ಮನುಷ್ಯರ ಗಾಢ ನಿದ್ರೆಯಲ್ಲಿ ಈ ದ್ರವ ದೊಡ್ಡ ನಿಧಾನದ ಅಲೆಗಳಾಗಿ ಬರುವುದನ್ನು ನೋಡಿದರು. ಪಾಟೀಲರ ಹತ್ತು ನಿಮಿಷವನ್ನು ಮಲಗುವ ಮುಂಚೆ ಇಟ್ಟುಕೊಂಡರೆ ನಿದ್ರೆಗೂ ಅನುಕೂಲವೇ.

ಕ್ಲಾಸ್ ಬಿಡಿಸಬೇಡಿ. ಉಳಿದವರು ಕಪಾಲಭಾತಿ ಮಾಡುವಾಗ ಅಮ್ಮ ಹಿಂದಿನ ಸಾಲಿನಲ್ಲಿ ಮಲಗಿ ಹೊಟ್ಟೆಯುಸಿರು ಮಾಡಲಿ. ಕೆಮ್ಮಿದಾಗ, ತಿಣುಕಿದಾಗ ತಲೆಯ ಹಿಂಭಾಗ ನೋಯುವುದಿದ್ದರೆ ಮಾತ್ರ ಯಾವ ಉಸಿರಾಟವನ್ನೂ ಶುರು ಮಾಡದೆ ಮೊದಲು ನರರೋಗ ವೈದ್ಯರಿಗೆ ತೋರಿಸಿ. ಆ ದೊಡ್ಡ ರಂಧ್ರದಲ್ಲೇ ದ್ರವಕ್ಕೆ ಅಡ್ಡಿ ಇದ್ದರೂ ಹಾಗಾಗುತ್ತದೆ.