50 ಮೆಗಾಪಿಕ್ಸೆಲ್ ಮೊಬೈಲ್ ಇರುವಾಗ ಎಕ್ಸ್-ರೇ ಡಿಟೆಕ್ಟರ್‌ಗೆ ಕೋಟಿಗಟ್ಟಲೆ ಯಾಕೆ?

ಪ್ರಶ್ನೆ: ನಮಸ್ತೆ ಅಣ್ಣ, ತೀರ್ಥಹಳ್ಳಿಯವನು, ಶಿವಮೊಗ್ಗದಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಸಿಂಕ್ರೊಟ್ರಾನ್ (ಎಲೆಕ್ಟ್ರಾನ್‌ಗಳನ್ನು ಸುತ್ತ ಓಡಿಸಿ ಜೋರಾದ ಎಕ್ಸ್-ರೇ ಹುಟ್ಟಿಸುವ ಯಂತ್ರ) ಬಗ್ಗೆ ಸೆಮಿನಾರ್ ಇದೆ. ಪಿಲಾಟಸ್ ಅನ್ನುವ ಡಿಟೆಕ್ಟರ್‌ನ ದೊಡ್ಡ ಮಾಡೆಲ್‌ನಲ್ಲೂ ಇರುವುದು ಸುಮಾರು 60 ಲಕ್ಷ ಪಿಕ್ಸೆಲ್. ನನ್ನ ಮೊಬೈಲ್‌ನಲ್ಲೇ 5 ಕೋಟಿ ಇದೆ. ಸುಮ್ನೆ ಮೊಬೈಲ್ ಸೆನ್ಸರ್ ಇಟ್ಟರೆ ಆಗಲ್ವಾ?

ಉತ್ತರ: ಇಟ್ಟರೆ ಅಲ್ಲಲ್ಲಿ ಒಂದಿಷ್ಟು ಚುಕ್ಕೆ ಕಾಣುತ್ತದೆ ತಮ್ಮಾ, ಅಷ್ಟೇ. ಮೊಬೈಲ್ ಸೆನ್ಸರ್‌ನಲ್ಲಿ ಬೆಳಕು ಹಿಡಿಯುವ ಸಿಲಿಕಾನ್ ಪದರ ಕೆಲವೇ ಮೈಕ್ರಾನ್ ದಪ್ಪ. 12 ಕೆಇವಿ (ಇವಿ ಅನ್ನುವುದು ಶಕ್ತಿಯ ಅಳತೆ, ಸಾವಿರ ಇವಿ ಅಂದರೆ ಒಂದು ಕೆಇವಿ) ಎಕ್ಸ್-ರೇ ಹಾದು ಹೋಗಿದ್ದು ಬಹುಪಾಲು ಅದಕ್ಕೆ ಗೊತ್ತೇ ಆಗುವುದಿಲ್ಲ. ಪಿಲಾಟಸ್‌ನಲ್ಲಿ 320 ಮೈಕ್ರಾನ್ ದಪ್ಪದ ಸಿಲಿಕಾನ್ ಹಾಕುತ್ತಾರೆ, ಮುಕ್ಕಾಲು ಪಾಲು ಫೋಟಾನ್ (ಎಕ್ಸ್-ರೇಯ ಒಂದೊಂದು ಕಣ) ಅದರಲ್ಲಿ ಸಿಕ್ಕಿಬೀಳುತ್ತದೆ. ಕೆಳಗೆ ಎಲೆಕ್ಟ್ರಾನಿಕ್ಸ್ ಚಿಪ್ ಬೇರೆ. ಎರಡರ ನಡುವೆ ಪ್ರತಿ ಪಿಕ್ಸೆಲ್‌ಗೂ ಒಂದೊಂದು ಇಂಡಿಯಂ ಗುಂಡು, ಕಣ್ಣಿಗೆ ಕಾಣದಷ್ಟು ಸಣ್ಣದು. 60 ಲಕ್ಷ ಗುಂಡು ಸರಿಯಾಗಿ ಕೂರಬೇಕು. ಖರ್ಚು ಜಾಸ್ತಿ ಆಗುವುದು ಇಂಥ ಕಡೆಯೇ.

ಪ್ರತಿ ಪಿಕ್ಸೆಲ್ ಒಳಗೂ ಅದರದ್ದೇ ಆಂಪ್ಲಿಫೈಯರ್, ಅದರದ್ದೇ ಕೌಂಟರ್ ಇದೆ. ಸಿಲಿಕಾನ್‌ನಲ್ಲಿ ಒಂದು ಜೋಡಿ ಚಾರ್ಜ್ ಹುಟ್ಟಲು 3.6 ಇವಿ ಬೇಕು, ಅಂದರೆ 12 ಕೆಇವಿಯ ಒಂದು ಫೋಟಾನ್‌ಗೆ ಸುಮಾರು 3,300 ಎಲೆಕ್ಟ್ರಾನ್. ಸಾಮಾನ್ಯವಾಗಿ ಅದರ ಅರ್ಧಕ್ಕೆ ಗೆರೆ ಎಳೆಯುತ್ತೇವೆ. ಗೆರೆ ದಾಟಿದರೆ ಒಂದು ಎಣಿಕೆ, ಇಲ್ಲದಿದ್ದರೆ ಸೊನ್ನೆ. ಅರ್ಧಕ್ಕೇ ಯಾಕೆ ಅಂದರೆ, ನಿಮ್ಮ ತೋಟಕ್ಕೂ ಪಕ್ಕದವರ ತೋಟಕ್ಕೂ ನಡುವಿನ ಬೇಲಿ ಮೇಲೆ ಅಡಿಕೆ ಗೊನೆ ಬಿದ್ದು ಉದುರಿತು ಅಂದುಕೋ, ಯಾರ ಕಡೆ ಅರ್ಧಕ್ಕಿಂತ ಜಾಸ್ತಿ ಬಿತ್ತೋ ಗೊನೆ ಅವರ ಲೆಕ್ಕಕ್ಕೆ. ಒಂದೇ ಗೊನೆ ಎರಡು ಸಲ ಲೆಕ್ಕಕ್ಕೆ ಬರಬಾರದು, ಯಾರ ಲೆಕ್ಕಕ್ಕೂ ಬರದೆಯೂ ಹೋಗಬಾರದು. ಸರ್ಕ್ಯೂಟ್‌ನ ನಾಯ್ಸ್ ಈ ಗೆರೆ ಹತ್ತಿರಕ್ಕೂ ಬರುವುದಿಲ್ಲ.

ಪ್ರಶ್ನೆ: ಅಷ್ಟು ಚೆನ್ನಾಗಿ ಎಣಿಸುತ್ತದೆ ಅಂದ ಮೇಲೆ ಹ್ಯಾಂಬರ್ಗ್‌ನ ಯುರೋಪಿಯನ್ ಎಕ್ಸ್‌ಎಫ್‌ಇಎಲ್‌ನಲ್ಲಿ ಬೇರೆ ಡಿಟೆಕ್ಟರ್ ಯಾಕೆ ಇಟ್ಟಿದ್ದಾರೆ?

ಉತ್ತರ: ಒಳ್ಳೆ ಪ್ರಶ್ನೆ, ಸೆಮಿನಾರ್‌ನಲ್ಲಿ ಇದನ್ನೇ ಮುಖ್ಯ ಮಾಡು. ಏಪ್ರಿಲ್‌ನಲ್ಲಿ ಕೊಟ್ಟಿಗೆ ತಗಡಿನ ಮೇಲೆ ಮೊದಲ ಮಳೆ ಬೀಳುವುದನ್ನು ಕೇಳಿದ್ದೀಯಲ್ಲ, ಟಪ್, ಟಪ್, ಒಂದೊಂದೇ ಹನಿ ಎಣಿಸಬಹುದು. ಆಷಾಢದಲ್ಲಿ? ಒಂದೇ ಸಮನೆ ಭೋರ್ ಅನ್ನುತ್ತದೆ. ಸಿಂಕ್ರೊಟ್ರಾನ್‌ನಲ್ಲೂ ಬೀಮ್ ಜೋರಾದರೆ ಇದೇ ಕಥೆ, ಎರಡು ಫೋಟಾನ್ ಒಟ್ಟಿಗೆ ಬಂದು ಒಂದೇ ಅಂತ ಎಣಿಕೆಯಾಗುತ್ತದೆ. ಸ್ವಲ್ಪ ಮಟ್ಟಿಗೆ ಲೆಕ್ಕ ಹಾಕಿ ತಿದ್ದಬಹುದು. ಎಕ್ಸ್‌ಎಫ್‌ಇಎಲ್ ಅನ್ನುವುದು ಎಕ್ಸ್-ರೇ ಲೇಸರ್, ಅದರ ಎಕ್ಸ್-ರೇ ಬರುವುದು ಪಲ್ಸ್ ಪಲ್ಸ್ ಆಗಿ, ಮಿಂಚು ಹೊಡೆದ ಹಾಗೆ. ಅಲ್ಲಿ ಮಾತ್ರ ಒಂದು ಪಲ್ಸ್‌ನ ಎಲ್ಲ ಹನಿಯೂ 100 ಫೆಮ್ಟೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಭಾಗ) ಒಳಗೆ ಬಿದ್ದು ಮುಗಿಯುತ್ತದೆ. ಒಂದು ಪಿಕ್ಸೆಲ್‌ಗೆ ಸಾವಿರ ಫೋಟಾನ್ ಬಂದರೂ ಕೌಂಟರ್ 1 ಅನ್ನುತ್ತದೆ.

ಹಾಗಾಗಿ ಅಲ್ಲಿ ಎಣಿಸುವುದನ್ನು ಬಿಟ್ಟು ಪಾತ್ರೆ ಇಡುತ್ತಾರೆ, ಬಂದ ಚಾರ್ಜ್ ಎಲ್ಲ ತುಂಬಿಸಿಕೊಂಡು ಆಮೇಲೆ ಅಳೆಯುವುದು. ಲೋಟ ಇಟ್ಟರೆ ಬೇಗ ತುಂಬುತ್ತದೆ, ಹಂಡೆ ಇಟ್ಟರೆ ಒಂದೆರಡು ಹನಿ ಗೊತ್ತಾಗುವುದಿಲ್ಲ. ಎಜಿಐಪಿಡಿ ಅನ್ನುವ ಡಿಟೆಕ್ಟರ್‌ನಲ್ಲಿ ಪ್ರತಿ ಪಿಕ್ಸೆಲ್ ಲೋಟದಿಂದ ಶುರು ಮಾಡಿ, ತುಂಬುತ್ತಿದ್ದಂತೆ ತಾನೇ ದೊಡ್ಡ ಪಾತ್ರೆಗೆ ಬದಲಾಗುತ್ತದೆ. ಮೂರು ಹಂತ. ಪಲ್ಸ್‌ಗಳ ನಡುವೆ ಇರುವ ಸಮಯ 220 ನ್ಯಾನೊಸೆಕೆಂಡ್ ಮಾತ್ರ, ಅಷ್ಟರೊಳಗೆ ಡೇಟಾ ಹೊರಗೆ ಕಳಿಸಲು ಆಗದ ಕಾರಣ ಪಿಕ್ಸೆಲ್ ಒಳಗೇ 352 ಚಿತ್ರ ಕೂಡಿಟ್ಟುಕೊಂಡು, ಪಲ್ಸ್‌ಗಳ ಒಂದು ಸಾಲು ಮುಗಿದ ಮೇಲಿನ ಬಿಡುವಿನಲ್ಲಿ ಓದುತ್ತಾರೆ. ಮೊದಲ ಸಲ ಆ ಚಿಪ್‌ನ ಡ್ರಾಯಿಂಗ್ ನೋಡಿದಾಗ ಇದು ಕೆಲಸ ಮಾಡುತ್ತದೆ ಅಂತ ನನಗೆ ನಂಬಿಕೆ ಬರಲಿಲ್ಲ.

ಪ್ರಶ್ನೆ (ಸಾಗರದಿಂದ ಒಬ್ಬರು): ಆಸ್ಪತ್ರೆ ಎಕ್ಸ್-ರೇ ಕೂಡ ಹೀಗೇನಾ ಸರ್?

ಉತ್ತರ: ಬಹುಪಾಲು ಅಲ್ಲ ಸರ್. ಅಲ್ಲಿನ ಡಿಜಿಟಲ್ ಪ್ಲೇಟ್‌ನಲ್ಲಿ ಎಕ್ಸ್-ರೇ ಮೊದಲು ಮಾಮೂಲಿ ಬೆಳಕಾಗುತ್ತದೆ, ಆಮೇಲೆ ಚಾರ್ಜ್. ಫೋಟಾನ್ ಎಣಿಸುವ ಸಿಟಿ ಸ್ಕ್ಯಾನರ್‌ಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಸಿಲಿಕಾನ್ ಬದಲು ಕ್ಯಾಡ್ಮಿಯಂ ಟೆಲ್ಯುರೈಡ್.

ಪ್ರಶ್ನೆ: ಅಣ್ಣ, ಇಂಥದ್ದು ಕೆಡುವುದು ಹೇಗೆ? ಬೀಮ್ ಬಿದ್ದು ಸುಡುತ್ತದಾ?

ಉತ್ತರ: ಅದೂ ಇದೆ. ನಾನು ಕೆಡಿಸಿದ್ದು ನೀರಿನಿಂದ, ಹೇಳಲು ನಾಚಿಕೆ. ಡಿಟೆಕ್ಟರ್ ತಣ್ಣಗಿಟ್ಟಾಗ ಒಳಗೆ ಒಣ ನೈಟ್ರೋಜನ್ ಹರಿಯುತ್ತಲೇ ಇರಬೇಕು. ಒಂದು ಸೋಮವಾರ ವಾಲ್ವ್ ತೆರೆಯದೆ ಕೂಲಿಂಗ್ ಹಾಕಿಬಿಟ್ಟೆ. ಫ್ರಿಜ್‌ನಿಂದ ತೆಗೆದ ಸ್ಟೀಲ್ ಲೋಟದ ಹಾಗೆ ಸೆನ್ಸರ್ ಬೆವರಿತು, ಮೇಲಿಂದ ವೋಲ್ಟೇಜ್ ಬೇರೆ ಕೊಟ್ಟಿದ್ದೆ. ಒಂದು ಮಾಡ್ಯೂಲ್ ಹೋಯಿತು, ಪರದೆ ಮೇಲೆ ಆ ಜಾಗ ಪೂರ್ತಿ ಕಪ್ಪು. ಹೋಳಿಗೆ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದಿದ್ದರೆ ಬೂಷ್ಟು ಹಿಡಿಯುವ ಊರಿನಲ್ಲಿ ಬೆಳೆದವನು ಮಾಡುವ ತಪ್ಪಾ ಇದು! ನಮ್ಮ ಬಾಸ್ ಬೈಯಲಿಲ್ಲ, ವಾಲ್ವ್ ಮೇಲೆ ಒಂದು ಚೀಟಿ ಅಂಟಿಸಿದರು.

ಸೆಮಿನಾರ್ ಸ್ಲೈಡ್ ರೆಡಿಯಾದರೆ ಇಲ್ಲೇ ಹಾಕು, ನೋಡುತ್ತೇನೆ. ಇಂದೋರ್‌ನ ಇಂಡಸ್-2 ಬಗ್ಗೆಯೂ ಒಂದು ಸ್ಲೈಡ್ ಇರಲಿ, ಅದು 2.5 ಜಿಇವಿ (250 ಕೋಟಿ ಇವಿ) ಸಿಂಕ್ರೊಟ್ರಾನ್, ನಮ್ಮದೇ ದೇಶದ್ದು.